ಆ ಮೌನಕ್ಕೆ ನಾನು ಕಳೆದ ಅಂಕಗಳು: ಅಧ್ಯಯನ ಮಂಡಳಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಬೆಂಗಳೂರಿನ ವಿಶ್ವವಿದ್ಯಾಲಯಗಳ ಹಾಗೂ ಸ್ವಾಯತ್ತ ಕಾಲೇಜುಗಳ ಕನ್ನಡ ಮತ್ತು ರಂಗಕಲೆ ಅಧ್ಯಯನ ಮಂಡಳಿಗಳ ಅಧ್ಯಕ್ಷರು ಮತ್ತು ಸದಸ್ಯರು, ಹಾಗೂ ಪ್ರಾಯೋಗಿಕ ಪರೀಕ್ಷೆಗಳಿಗೆ ಬರುವ ಎಲ್ಲ ಪರೀಕ್ಷಕ ಮಿತ್ರರು.

ಮಾನ್ಯರೇ,

ಮೂವತ್ತಮೂರು ವರ್ಷ ಈ ಊರಿನ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು ನಾನು. ಸೇವೆಯಲ್ಲಿದ್ದಾಗಲೂ ಆಮೇಲೂ ಏಕವ್ಯಕ್ತಿ ಅಭಿನಯದ ಪರೀಕ್ಷೆಗಳಿಗೆ ಬಾಹ್ಯ ಪರೀಕ್ಷಕಳಾಗಿ ಹಲವು ಬಾರಿ ಕುಳಿತಿದ್ದೇನೆ. ವಿದ್ಯಾರ್ಥಿಯು ಒಂದು ವಸ್ತುವನ್ನು ಆರಿಸಿಕೊಂಡು, ಆ ವಸ್ತುವಿಗೆ ಒದಗುವ ಮೂರೋ ನಾಲ್ಕೋ ಭಾಗಗಳನ್ನು ಬೇರೆ ಬೇರೆ ಕೃತಿಗಳಿಂದ ಆಯ್ದು, ಒಂದೇ ಎಳೆಯಲ್ಲಿ ಪೋಣಿಸಿ, ಸುಮಾರು ಹತ್ತು ನಿಮಿಷಗಳಲ್ಲಿ ಒಬ್ಬನೇ ಅಥವಾ ಒಬ್ಬಳೇ ಅಭಿನಯಿಸಿ ತೋರಿಸುವ ಪರೀಕ್ಷೆಯನ್ನು ಕುರಿತು ಈ ಪತ್ರ. ಇಂಥ ಪರೀಕ್ಷೆಯನ್ನು ಪಠ್ಯಕ್ರಮದಲ್ಲಿ ಇಟ್ಟದ್ದು ಒಳ್ಳೆಯ ಕೆಲಸ. ಮೂರು ಗಂಟೆ ಕುಳಿತು ಬರೆಯುವ ಉತ್ತರಪತ್ರಿಕೆಯಲ್ಲಿ ಕಾಣದ ಓದು ಇಲ್ಲಿ ಕಾಣುತ್ತದೆ. ಆದರೆ ಅದನ್ನು ಕಾಣುವ ಕಣ್ಣು ಪರೀಕ್ಷಕರಾದ ನಮ್ಮಲ್ಲಿ ಇರಬೇಕು, ನಮ್ಮ ಕೈಗೆ ಕೊಡುವ ಅಂಕಪಟ್ಟಿಯಲ್ಲಿಯೂ ಇರಬೇಕು. ಎರಡರಲ್ಲಿಯೂ ಕೊರತೆಯಿದೆ ಎಂಬುದನ್ನು ನನ್ನದೇ ಒಂದು ತಪ್ಪಿನಿಂದ ತಿಳಿದುಕೊಂಡೆ. ಆ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಗರದ ಒಂದು ಕಾಲೇಜಿನಲ್ಲಿ ಒಂದೇ ದಿನ ಇಪ್ಪತ್ತನಾಲ್ಕು ವಿದ್ಯಾರ್ಥಿಗಳ ಪರೀಕ್ಷೆ ಇತ್ತು. ರಸ್ತೆಗೆ ಮುಖಮಾಡಿದ ತರಗತಿಯ ಕೋಣೆ. ಬೆಂಚುಗಳನ್ನು ಗೋಡೆಗೆ ಸರಿಸಿ ಮಧ್ಯದಲ್ಲಿ ಜಾಗ ಮಾಡಿದ್ದರು. ಫ್ಯಾನ್ ಹಾಕಿದರೆ ಮಾತು ಕೇಳಿಸದು, ಆರಿಸಿದರೆ ಸೆಖೆ ತಾಳಲಾಗದು. ಮಧ್ಯಾಹ್ನ ಊಟದ ನಂತರ ಬಂದ ಹುಡುಗನೊಬ್ಬ 'ವೀರ' ಎಂಬ ವಸ್ತುವಿನ ಕೆಳಗೆ ದುರ್ಯೋಧನ, ಕರ್ಣ, ಭೀಮ ಮೂವರನ್ನೂ ತಂದು, ಬಾಡಿಗೆಯ ಕಿರೀಟ ಮತ್ತು ಗದೆಯೊಂದಿಗೆ ಕೋಣೆ ನಡುಗುವಂತೆ ಅಬ್ಬರಿಸಿದ. ನಿದ್ದೆ ಎಳೆಯುತ್ತಿದ್ದ ನಮ್ಮೆಲ್ಲರಿಗೂ ಎಚ್ಚರವಾಯಿತು. ಅವನಿಗೆ ಐವತ್ತಕ್ಕೆ ನಲವತ್ತನಾಲ್ಕು ಕೊಟ್ಟೆ.

ಅವನ ಹಿಂದೆಯೇ ಬಂದ ಹುಡುಗಿಯ ವಸ್ತು 'ಅನ್ನ ಯಾರದು'. ಹತ್ತಿ ಸೀರೆ, ಕೈಯಲ್ಲಿ ಏನೂ ಇಲ್ಲ. ಅನ್ನವನ್ನೇ ದೇವರೆಂದ ಸರ್ವಜ್ಞನ ತ್ರಿಪದಿಯಿಂದ ಆರಂಭಿಸಿ, ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಭತ್ತವೂ ರಾಗಿಯೂ ರಾಮನ ಸಭೆಯಲ್ಲಿ ಮೇಲು ಕೀಳಿನ ಜಗಳಕ್ಕೆ ನಿಲ್ಲುವ ಭಾಗಕ್ಕೆ ಬಂದಳು. ಭತ್ತವಾದ ವ್ರೀಹಿಗೆ ಒಂದು ದನಿ, ರಾಗಿಯಾದ ನರೆದಲೆಗನಿಗೆ ಇನ್ನೊಂದು ದನಿ. ಆರು ತಿಂಗಳ ಸೆರೆಯ ನಂತರ ಭತ್ತ ಕಂದಿ ರಾಗಿ ಕೆಡದೆ ನಿಂತು, ರಾಘವನ ಹೆಸರನ್ನೇ ಪಡೆಯುವ ಹೊತ್ತಿಗೆ ಅವಳ ಮುಖದಲ್ಲಿ ಗೆಲುವು ಕಂಡಿತು. ಆಮೇಲೆ ಮಾತು ನಿಂತಿತು. ನೆಲಕ್ಕೆ ಕುಳಿತು ತನ್ನ ಖಾಲಿ ಅಂಗೈಗಳನ್ನೇ ನೋಡುತ್ತ ಹತ್ತು ಹನ್ನೆರಡು ಎಣಿಸುವಷ್ಟು ಹೊತ್ತು ಸುಮ್ಮನಿದ್ದಳು. ಬಳಿಕ ತೀರ ಸಣ್ಣ ದನಿಯಲ್ಲಿ, ದೇವನೂರ ಮಹಾದೇವರ 'ಒಡಲಾಳ' ಕಾದಂಬರಿಯ ಮುದುಕಿ ಸಾಕವ್ವ ಕಳೆದುಹೋದ ತನ್ನ ಹುಂಜವನ್ನು ಹುಡುಕುವ ಮಾತು ಶುರುವಾಯಿತು. ನಾನು ಆ ಮೌನವನ್ನು ಮರೆವು ಎಂದು ಬರೆದುಕೊಂಡು ಅಂಕ ಕಳೆದೆ. ದನಿ ಸಾಲದು ಎಂದು ಕಳೆದೆ. ಹಕಾರ ಬಿದ್ದುಹೋಗಿದೆ ಎಂದು ಉಚ್ಚಾರದಲ್ಲಿ ಕಳೆದೆ. ವೇಷಭೂಷಣಕ್ಕೆ ಇದ್ದ ಹತ್ತರಲ್ಲಿ ಮೂರು ಕೊಟ್ಟೆ. ಒಟ್ಟು ಮೂವತ್ತೊಂದು.

ತಿಂಗಳ ಮೇಲೆ, ಬೇರೆ ಯಾವುದೋ ಕಾರಣಕ್ಕೆ 'ಒಡಲಾಳ'ವನ್ನು ಮತ್ತೆ ಓದುತ್ತಿದ್ದಾಗ ಆ ಮೌನ ನನಗೆ ಅರ್ಥವಾಯಿತು. ಕನಕದಾಸರ ಕಾವ್ಯದಲ್ಲಿ ಬಡವರ ಧಾನ್ಯ ಗೆದ್ದಿತು. ಆದರೆ 'ಒಡಲಾಳ'ದಲ್ಲಿ ಆ ಧಾನ್ಯವನ್ನು ಬೆಳೆದವರ ಮನೆಯಲ್ಲಿ ರಾತ್ರಿ ಹಸಿವೇ ಉಳಿಯಿತು, ಕದ್ದು ತಂದ ಕಡಲೆಕಾಯಿಯೇ ಹಬ್ಬವಾಯಿತು, ಬೆಳಗಾದರೆ ಪೋಲೀಸರು ಬಾಗಿಲಿಗೆ ಬಂದರು. ನಾಲ್ಕು ನೂರಕ್ಕೂ ಹೆಚ್ಚು ವರ್ಷಗಳ ಅಂತರವಿರುವ ಎರಡು ಕೃತಿಗಳ ನಡುವೆ ಒಬ್ಬ ಹುಡುಗಿ ಖಾಲಿ ಅಂಗೈ ತೆರೆದು ಕುಳಿತಿದ್ದಳು. ಅವಳ ಇಡೀ ಓದು ಇದ್ದದ್ದು ಅಲ್ಲಿ. ನಾನು ಅಂಕ ಕಳೆದದ್ದೂ ಅಲ್ಲಿಯೇ.

ಇದರಿಂದ ನಾನು ಕಲಿತದ್ದು ಇಷ್ಟು. ಆಯ್ದ ಭಾಗಗಳ ಏಕವ್ಯಕ್ತಿ ಅಭಿನಯದಲ್ಲಿ ಪರೀಕ್ಷೆಗೆ ಒಳಗಾಗಬೇಕಾದದ್ದು ಮೊದಲು ವಿದ್ಯಾರ್ಥಿಯ ಓದು: ಯಾವುದನ್ನು ಆರಿಸಿದರು, ಯಾವುದರ ಪಕ್ಕದಲ್ಲಿ ಯಾವುದನ್ನು ಇಟ್ಟರು, ಇಟ್ಟಾಗ ಯಾವ ಹೊಸ ಅರ್ಥ ಹುಟ್ಟಿತು, ಆ ಅರ್ಥ ದನಿಯಲ್ಲಿ, ದೇಹದಲ್ಲಿ, ಬಿಡುವಿನಲ್ಲಿ ನಮ್ಮವರೆಗೆ ಬಂತೇ ಎಂಬುದು. ನಾವು ಈಗ ಅಳೆಯುತ್ತಿರುವುದು ಹೆಚ್ಚಾಗಿ ಗಂಟಲನ್ನು, ಕಣ್ಣೀರನ್ನು, ಬಟ್ಟೆಯನ್ನು. ಅಂಕ ಕೊಡುವ ಪದ್ಧತಿ ಬದಲಾಗಬೇಕು ಎಂಬುದೇ ನನ್ನ ಕೋರಿಕೆ.

ವೇಷಭೂಷಣದ ಮಾತನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ಹೆಚ್ಚು ಚರ್ಚೆಗೆ ಎಡೆಯಿಲ್ಲ. ನಾನು ನೋಡಿದ ಅಂಕಪಟ್ಟಿಗಳಲ್ಲಿ ಅದಕ್ಕೆ ಅಭಿನಯದಷ್ಟೇ ಅಂಕವಿತ್ತು. ನಾಟ್ಯಶಾಸ್ತ್ರ ಹೇಳುವ ನಾಲ್ಕು ಬಗೆಯ ಅಭಿನಯದಲ್ಲಿ ಆಹಾರ್ಯವೂ, ಎಂದರೆ ವೇಷಭೂಷಣವೂ, ಒಂದು ಎಂಬುದು ನಿಜ. ಆದರೆ ನಮ್ಮ ಕರಾವಳಿಯ ತಾಳಮದ್ದಲೆಯಲ್ಲಿ ಅರ್ಥಧಾರಿಗಳು ಪಂಚೆ ಅಂಗಿ ತೊಟ್ಟು ಕುಳಿತಲ್ಲಿಯೇ ಕೃಷ್ಣನೂ ಕೌರವನೂ ಆಗುತ್ತಾರೆ. ರಾತ್ರಿಯೆಲ್ಲ ಕೇಳಿದವರಿಗೆ ಕಿರೀಟದ ಕೊರತೆ ಕಂಡದ್ದಿಲ್ಲ. ಹರಿಕಥೆಯ ದಾಸರು ಒಂದು ಶಲ್ಯ, ಒಂದು ಚಿಪ್ಲಿಯಲ್ಲಿ ಇಡೀ ಸಭಾಪರ್ವವನ್ನು ನಿಲ್ಲಿಸುತ್ತಾರೆ. ಹತ್ತು ನಿಮಿಷದಲ್ಲಿ ಮೂರು ಕೃತಿಗಳ ನಾಲ್ಕು ಪಾತ್ರಗಳಾಗಿ ಬದಲಾಗಬೇಕಾದ ವಿದ್ಯಾರ್ಥಿಗೆ ಭಾರವಾದ ವೇಷ ಸಹಾಯಕ್ಕಿಂತ ಅಡ್ಡಿಯನ್ನೇ ಮಾಡುತ್ತದೆ. ದುರ್ಯೋಧನನ ಕಿರೀಟ ಹೊತ್ತುಕೊಂಡೇ ಮುಂದಿನ ಭಾಗದ ಮುದುಕಿಯಾಗುವುದು ಹೇಗೆ? ಇನ್ನು ಬಾಡಿಗೆಯ ಹಣದ ಪ್ರಶ್ನೆ. ಊರಿನ ಅಂಚಿನಿಂದ ಎರಡು ಬಸ್ಸು ಬದಲಿಸಿ ಬರುವ, ಸಂಜೆ ಅಂಗಡಿಯಲ್ಲಿ ದುಡಿಯುವ ಮಕ್ಕಳಿಗೆ ಈ ಹತ್ತು ಅಂಕ ಮೊದಲೇ ಕೈತಪ್ಪಿರುತ್ತದೆ. ವೇಷಭೂಷಣಕ್ಕೆ ಪ್ರತ್ಯೇಕ ಅಂಕವೇ ಬೇಡ.

ಕಣ್ಣೀರಿನ ವಿಷಯ ಇದಕ್ಕಿಂತ ಗಂಭೀರವಾದದ್ದು. ವಿದ್ಯಾರ್ಥಿ ಅತ್ತರೆ 'ಭಾವಪೂರ್ಣ' ಎಂದು ಬರೆಯುವುದು ನಮ್ಮಲ್ಲಿ ರೂಢಿಯಾಗಿದೆ. ಇದನ್ನು ಬಲ್ಲ ವಿದ್ಯಾರ್ಥಿಗಳು ಅಳಿಸುವ ಭಾಗಗಳನ್ನೇ ಹುಡುಕಿ ತರುತ್ತಾರೆ. ಒಳಗಿನ ಭಾವ ಮೈಯಲ್ಲಿ ತಾನಾಗಿ ಕಾಣುವ ಸಾತ್ವಿಕ ಭಾವಗಳು ಎಂಟು. ಅಶ್ರು, ಎಂದರೆ ಕಣ್ಣೀರು, ಅವುಗಳಲ್ಲಿ ಒಂದು ಮಾತ್ರ. ಆ ಪಟ್ಟಿಯ ಮೊದಲಲ್ಲಿ ಇರುವುದು ಸ್ತಂಭ, ಎಂದರೆ ಮೈ, ಮಾತು ಎರಡೂ ಕಟ್ಟಿ ನಿಲ್ಲುವುದು. ದನಿ ಒಡೆಯುವ ಸ್ವರಭೇದ, ಬಣ್ಣಗೆಡುವ ವೈವರ್ಣ್ಯ, ನಡುಗುವ ವೇಪಥು ಇವೂ ಇವೆ. ಇವುಗಳಲ್ಲಿ ಪರೀಕ್ಷಕರು ಗುರುತಿಸುವುದು ಒಂದನ್ನೇ ಎಂದಾದರೆ ಕಲಿಯುವವರು ಉಳಿದ ಏಳನ್ನು ಏಕೆ ಕಲಿಯಬೇಕು? ಆ ಹುಡುಗಿಯ ಖಾಲಿ ಅಂಗೈಯ ಮುಂದೆ ನಾನು ಕಾಣದೆ ಹೋದದ್ದು ಈ ಸ್ತಂಭವನ್ನು.

ದುಃಖ ಒಂದೇ ಬಗೆಯದಲ್ಲ ಎಂಬುದಕ್ಕೆ ನಮ್ಮ ಸಾಹಿತ್ಯದಲ್ಲಿ ರನ್ನನ ಗದಾಯುದ್ಧಕ್ಕಿಂತ ಉತ್ತಮ ಪಾಠ ನನಗೆ ತಿಳಿದಿಲ್ಲ. ಪರೀಕ್ಷೆಗಳಲ್ಲಿ ಅತಿ ಹೆಚ್ಚು ಬಾರಿ ಬರುವ ಭಾಗವೂ ಅದರ ದುರ್ಯೋಧನ ವಿಲಾಪವೇ ಆಗಿರುವುದರಿಂದ ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಕೋರುತ್ತೇನೆ. ಸಂಜಯನೊಂದಿಗೆ ರಣರಂಗದಲ್ಲಿ ಹೆಣಗಳನ್ನು ತುಳಿದುಕೊಂಡು ನಡೆಯುವ ದುರ್ಯೋಧನನಿಗೆ ಒಬ್ಬೊಬ್ಬರಾಗಿ ಎದುರಾಗುತ್ತಾರೆ. ದ್ರೋಣನ ಮುಂದೆ ನಿಂತಾಗ ಅದು ಗುರುವನ್ನು ತನ್ನ ಕಾರಣಕ್ಕೆ ಕಳೆದುಕೊಂಡ ಶಿಷ್ಯನ ಅಳಲು. ಅಭಿಮನ್ಯುವಿನ ಮುಂದೆ ಅದು ಅಳಲೇ ಅಲ್ಲ. ಶತ್ರುವಿನ ಮಗನ ಸಾಹಸಕ್ಕೆ ತಲೆಬಾಗಿ, ಅಂಥ ಸಾವಿನ ಒಂದಂಶವಾದರೂ ತನಗೆ ಸಿಗಲಿ ಎಂಬ ಬೇಡಿಕೆ. ಮಗ ಲಕ್ಷಣಕುಮಾರನ ಮುಂದೆ, ತಂದೆಗೆ ಮಗ ಕೊಡಬೇಕಾದ ಜಲಾಂಜಲಿಯನ್ನು ಮಗನಿಗೆ ತಂದೆ ಕೊಡಬೇಕಾಗಿ ಬಂತಲ್ಲ, ಕ್ರಮವನ್ನೇ ತಿರುಗುಮುರುಗು ಮಾಡಿದೆಯಲ್ಲ ಎಂಬ ಆಕ್ಷೇಪವಿದೆ. ಸತ್ತ ಮಗನನ್ನು ಗದರಿಸುವ ತಂದೆಯ ದನಿ ಅದು. ದುಶ್ಶಾಸನನ ಮುಂದೆ ನೆನಪು ತಾಯಿಯ ಮೊಲೆಹಾಲಿನವರೆಗೆ ಹಿಂದೆ ಹೋಗುತ್ತದೆ: ಎಲ್ಲವನ್ನೂ ಮೊದಲು ನಾನು, ಆಮೇಲೆ ನೀನು ಎಂದು ಹಂಚಿಕೊಂಡು ಬೆಳೆದವರಲ್ಲಿ ಸಾವಿನಲ್ಲಿ ಮಾತ್ರ ತಮ್ಮ ಮುಂದಾದನೆಂಬ ಸಂಕಟ. ಕೊನೆಗೆ ಕರ್ಣ. ಅಲ್ಲಿ ರಾಜ್ಯವೂ ಬದುಕೂ ಒಟ್ಟಿಗೆ ಬರಿದಾಗುತ್ತವೆ.

ಐದು ಹೆಣಗಳ ಮುಂದೆ ಐದು ಬೇರೆ ಬೇರೆ ಮನುಷ್ಯರಾಗಿ ನಿಲ್ಲುವ ಒಬ್ಬ ದುರ್ಯೋಧನನನ್ನು ರನ್ನ ಬರೆದಿದ್ದಾನೆ. ಐವರ ಮುಂದೆಯೂ ಒಂದೇ ಏರುದನಿಯಲ್ಲಿ 'ಹಾ' ಎಂದು ಎದೆ ಬಡಿದುಕೊಳ್ಳುವ ವಿದ್ಯಾರ್ಥಿ ಎಷ್ಟೇ ಅತ್ತರೂ ಅದನ್ನು ಓದಿಲ್ಲ. ಅಭಿಮನ್ಯುವಿನ ಮುಂದೆ ಒಂದು ಕ್ಷಣ ಬೆನ್ನು ನೇರವಾದರೆ, ಮಗನ ಮುಂದೆ ದನಿಯಲ್ಲಿ ಸಿಟ್ಟಿನ ಎಳೆ ಸುಳಿದರೆ, ಆ ವಿದ್ಯಾರ್ಥಿ ಓದಿದ್ದಾನೆ. ಪರೀಕ್ಷಕರು ಹುಡುಕಬೇಕಾದದ್ದು ಈ ವ್ಯತ್ಯಾಸವನ್ನು, ಹುಡುಕಬೇಕಾದರೆ ಪರೀಕ್ಷಕರೂ ಗದಾಯುದ್ಧವನ್ನು ಓದಿರಬೇಕು. ಆದ್ದರಿಂದ ವಿದ್ಯಾರ್ಥಿಗಳು ತಾವು ಆಯ್ದ ಭಾಗಗಳ ಪ್ರತಿಯನ್ನು, ಎಲ್ಲಿ ಕತ್ತರಿಸಿದ್ದೇವೆ ಎಂಬ ಗುರುತಿನೊಂದಿಗೆ, ಪರೀಕ್ಷೆಗೆ ಒಂದು ವಾರ ಮುಂಚೆ ಕೊಡುವಂತೆಯೂ, ಪರೀಕ್ಷಕರು ಓದಿಕೊಂಡೇ ಬರುವಂತೆಯೂ ನಿಯಮವಾಗಲಿ. ಓದಲು ಬಿಡುವಿಲ್ಲದವರು ಆ ಸಲ ಪರೀಕ್ಷಕರಾಗುವುದು ಬೇಡ.

ಉಚ್ಚಾರದ ಅಂಕಗಳಲ್ಲಿ ನಾವು ಮಾಡುವ ಅನ್ಯಾಯ ಬೆಂಗಳೂರಿನಲ್ಲಿ ವಿಶೇಷವಾಗಿ ಕಾಡುತ್ತದೆ. ಇಲ್ಲಿಯ ಒಂದೇ ತರಗತಿಯಲ್ಲಿ ಕಲಬುರಗಿಯ ಕನ್ನಡ, ಕುಂದಾಪುರದ ಕನ್ನಡ, ಚಾಮರಾಜನಗರದ ಕನ್ನಡ ಅಕ್ಕಪಕ್ಕ ಕುಳಿತಿರುತ್ತವೆ. ಮನೆಯಲ್ಲಿ ತೆಲುಗು, ಉರ್ದು, ತಮಿಳು, ತುಳು ಆಡುವ ಮಕ್ಕಳೂ ಇರುತ್ತಾರೆ. ಅಕಾರ ಹಕಾರ, ಲಕಾರ ಳಕಾರ, ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದುವುದು ಮೇಷ್ಟರ ಕೆಲಸವೇ. ನಾನೂ ಬದುಕೆಲ್ಲ ತಿದ್ದಿದ್ದೇನೆ. ಆದರೆ ಅಭಿನಯದಲ್ಲಿ ಅಳತೆಗೋಲು ಆಯಾ ಕೃತಿಯ ಭಾಷೆಯೇ ಹೊರತು ಪರೀಕ್ಷಕರ ಭಾಷೆಯಲ್ಲ. ರಾಘವಾಂಕನ ವಾರ್ಧಕ ಷಟ್ಪದಿಯಲ್ಲಿ ಮಹಾಪ್ರಾಣ ಬಿದ್ದರೆ ಅದು ಕೊರತೆ. ಸಾಕವ್ವನ ಬಾಯಲ್ಲಿ ಹಕಾರವನ್ನು ತುಂಬಿ ನುಡಿದರೆ ಅದೇ ಕೊರತೆ, ಏಕೆಂದರೆ ಆ ಸೀಮೆಯ ಆಡುಮಾತಿನಲ್ಲಿ ಹಕಾರ ಜಾರುವುದು ಸಹಜ. ಕೈಲಾಸಂ ಅವರ ನಾಟಕದ ಪಾತ್ರವೊಂದು ಅರ್ಧ ಇಂಗ್ಲಿಷ್ ಬೆರೆಸಿ ಆಡುವ ಬೆಂಗಳೂರು ಮಾತನ್ನು ಶಿಷ್ಟಗನ್ನಡ ಮಾಡಿದರೆ ಪಾತ್ರವೇ ಇಲ್ಲವಾಗುತ್ತದೆ. ನಾನು 'ಹಕಾರ ದೋಷ' ಎಂದು ಬರೆದದ್ದು ಆ ಹುಡುಗಿಯ ಅತ್ಯಂತ ಎಚ್ಚರದ ಕೆಲಸದ ಮೇಲೆ: ಅದೇ ಬಾಯಿಂದ, ಎರಡು ನಿಮಿಷದ ಹಿಂದೆ, ಷಟ್ಪದಿಯ ಹಕಾರಗಳೆಲ್ಲ ಸರಿಯಾಗಿ ಬಂದಿದ್ದವು.

ಪದ್ಯಭಾಗಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಭಾಮಿನಿ ಷಟ್ಪದಿಯ ಆರು ಸಾಲುಗಳಲ್ಲಿ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದರ ಹಿಂದೊಂದು ಬರುತ್ತವೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ, ಮೂರು ಮತ್ತು ಆರನೆಯ ಸಾಲುಗಳಿಗೆ 23. ಈ ನಡೆಯನ್ನು ಕೈಬಿಡದೆ ಅದರೊಳಗೆ ಮಾತಿನ ಅರ್ಥವನ್ನು ನಿಲ್ಲಿಸುವುದೇ ಕೌಶಲ. ನಡೆಗೆ ಮಾತ್ರ ಒಲಿದರೆ ಮಗ್ಗಿ ಒಪ್ಪಿಸಿದಂತಾಗುತ್ತದೆ, ಅರ್ಥಕ್ಕೆ ಮಾತ್ರ ಒಲಿದರೆ ಪದ್ಯ ಗದ್ಯವಾಗುತ್ತದೆ. ಕುವೆಂಪು ತಮ್ಮ 'ಶ್ಮಶಾನ ಕುರುಕ್ಷೇತ್ರಂ', 'ಬೆರಳ್‌ಗೆ ಕೊರಳ್' ಮೊದಲಾದ ನಾಟಕಗಳಲ್ಲಿ ಬಳಸಿದ ಸರಳ ರಗಳೆಯಲ್ಲಿ ಐದು ಮಾತ್ರೆಯ ನಾಲ್ಕು ಗಣಗಳಿಗೆ ಒಂದು ಸಾಲು, ಆದರೆ ವಾಕ್ಯ ಸಾಲಿನ ಕೊನೆಯಲ್ಲಿ ನಿಲ್ಲುವುದಿಲ್ಲ. ಮುಂದಿನ ಸಾಲಿನ ನಡುವೆ ಎಲ್ಲೋ ಹೋಗಿ ಉಸಿರು ಬಿಡುತ್ತದೆ. ಪ್ರತಿ ಸಾಲಿನ ಕೊನೆಗೂ ನಿಲ್ಲುವವರು ಮುದ್ರಿತ ಪುಟವನ್ನು ಒಪ್ಪಿಸುತ್ತಿದ್ದಾರೆ ಎಂದೇ ತಿಳಿಯಬೇಕು. ಮಾತಿನ ಅಭಿನಯವಾದ ವಾಚಿಕಕ್ಕೆ ಅಂಕ ಕೊಡುವಾಗ ದನಿ ಎಷ್ಟು ದೊಡ್ಡದು ಎಂಬುದಕ್ಕಿಂತ ಉಸಿರು ಎಲ್ಲಿ ಬಿದ್ದಿತು ಎಂಬುದನ್ನು ಗಮನಿಸಿದರೆ ಓದು ಕಾಣುತ್ತದೆ. ದನಿಯ ಗಾತ್ರವನ್ನಾದರೂ ಆ ಕೋಣೆಗೆ ಹೊಂದಿಸಿ ನೋಡಬೇಕು. ಇಪ್ಪತ್ತು ಜನರಿರುವ ತರಗತಿಯಲ್ಲಿ ರವೀಂದ್ರ ಕಲಾಕ್ಷೇತ್ರದ ಕೊನೆಯ ಸಾಲಿಗೆ ಕೇಳಿಸುವಂತೆ ಕೂಗುವುದನ್ನು ನಾವು 'ದನಿಯ ಮೇಲಿನ ಹಿಡಿತ' ಎಂದು ಬರೆಯುತ್ತ ಬಂದಿದ್ದೇವೆ.

ಒಬ್ಬರೇ ಹಲವರಾಗುವ ಕಲೆಗೆ ನಮ್ಮಲ್ಲಿ ಹಳೆಯ ಶಾಸ್ತ್ರವೂ ಇದೆ, ಬಳಕೆಯೂ ಇದೆ. ಶಾಸ್ತ್ರ ಹೇಳುವ ಹತ್ತು ಬಗೆಯ ನಾಟಕಗಳಾದ ದಶರೂಪಕಗಳಲ್ಲಿ ಭಾಣ ಎಂಬುದು ಒಂದೇ ಅಂಕದ, ಒಬ್ಬನೇ ನಟನ ರೂಪಕ. ಎದುರಿಗಿಲ್ಲದವರ ಮಾತನ್ನು ಕೇಳಿಸಿಕೊಂಡಂತೆ ಮಾಡಿ ಉತ್ತರ ಕೊಡುವ ಆಕಾಶಭಾಷಿತವೇ ಅದರ ಉಪಾಯ. ಈ ಊರಿನ ರಂಗಪ್ರೇಮಿಗಳು ಸಿ.ಆರ್. ಸಿಂಹ ಅವರ 'ಟಿಪಿಕಲ್ ಟಿ.ಪಿ. ಕೈಲಾಸಂ' ನೋಡಿದ್ದಾರೆ, ಗಿರೀಶ ಕಾರ್ನಾಡರ 'ಒಡಕಲು ಬಿಂಬ'ದಲ್ಲಿ ಅರುಂಧತಿ ನಾಗ್ ಪರದೆಯ ಮೇಲಿನ ತಮ್ಮದೇ ಬಿಂಬದೊಂದಿಗೆ ವಾದಿಸಿದ್ದನ್ನು ರಂಗಶಂಕರದಲ್ಲಿ ನೋಡಿದ್ದಾರೆ. ಇವರಲ್ಲಿ ನಾವು ಮೆಚ್ಚಿದ್ದು ಏನು ಎಂದು ಯೋಚಿಸಿದರೆ ಪರೀಕ್ಷೆಗೆ ಬೇಕಾದ ಅಳತೆ ಸಿಗುತ್ತದೆ. ಎದುರಿಗಿಲ್ಲದ ವ್ಯಕ್ತಿ ಎಲ್ಲಿ ನಿಂತಿದ್ದಾನೆ, ಎಷ್ಟು ಎತ್ತರ, ಎಷ್ಟು ದೂರ ಎಂಬುದು ನಟರ ಕಣ್ಣಿನಿಂದಲೇ ನಮಗೆ ತಿಳಿಯುತ್ತದೆ. ಹರಿಶ್ಚಂದ್ರಕಾವ್ಯದ ಶ್ಮಶಾನದಲ್ಲಿ ಚಂದ್ರಮತಿಯ ನೋಟ ನೆಲದ ಮೇಲಿನ ಲೋಹಿತಾಶ್ವನಲ್ಲಿ ಇರುತ್ತದೆ. ಸುಡುವುದಕ್ಕೆ ತೆರಿಗೆ ಕೇಳುತ್ತ ಕಾವಲುಗಾರ ಬಂದಾಗ ಆ ನೋಟ ಮೇಲೇಳಬೇಕು. ಕಾವಲುಗಾರನಾಗಿ ತಿರುಗಿದಾಗ ಅದೇ ನೋಟ ಕೆಳಗಿಳಿಯಬೇಕು, ಕೆಳಗಿಳಿದರೂ ಮಗುವನ್ನು ತನ್ನದೆಂದು ಗುರುತಿಸಬಾರದು. ಒಬ್ಬ ವಿದ್ಯಾರ್ಥಿನಿ ಇಷ್ಟನ್ನು ಸರಿಯಾಗಿ ಮಾಡಿದರೆ ಆಕೆಗೆ ಕಂಬಳಿಯೂ ಬೇಡ, ಕೋಲೂ ಬೇಡ.

ಇನ್ನು ವಸ್ತು ಮತ್ತು ಜೋಡಣೆ. ನಾವು ಈ ಎರಡಕ್ಕೆ ಅಂಕವನ್ನೇ ಇಟ್ಟಿಲ್ಲ. 'ಒಟ್ಟಾರೆ ಪರಿಣಾಮ' ಎಂಬ ಕೊನೆಯ ಸಾಲಿನಲ್ಲಿ ಅದು ಅಡಗಿದೆ ಎಂದು ಸಮಾಧಾನ ಪಟ್ಟುಕೊಳ್ಳುತ್ತೇವೆ. ತಾಯಿ, ವೀರ, ಪ್ರೀತಿ, ಪ್ರಕೃತಿ ಎಂಬಂಥ ಅಗಲವಾದ ವಸ್ತುಗಳ ಕೆಳಗೆ ಏನನ್ನು ಬೇಕಾದರೂ ತುಂಬಬಹುದು. ಅಲ್ಲಿ ಭಾಗಗಳು ಹೂಮಾಲೆಯಂತೆ ಪಕ್ಕಪಕ್ಕ ಇರುತ್ತವೆಯೇ ಹೊರತು ಒಂದು ಇನ್ನೊಂದನ್ನು ಪ್ರಶ್ನಿಸುವುದಿಲ್ಲ. 'ಯುದ್ಧ ಮುಗಿದ ರಾತ್ರಿ' ಎಂದು ಆರಿಸಿಕೊಂಡವರು ರನ್ನನನ್ನೂ ಕುವೆಂಪು ಅವರನ್ನೂ ಒಂದೇ ರಣಭೂಮಿಯಲ್ಲಿ ನಿಲ್ಲಿಸಿ, ಅರಸನ ಕಣ್ಣಿಗೆ ಕಂಡದ್ದು ಬೇರೆ, ನಮ್ಮ ಕಾಲದ ಕವಿಯ ಕಣ್ಣಿಗೆ ಕಂಡದ್ದು ಬೇರೆ ಎಂದು ತೋರಿಸಬಹುದು. 'ಹುಚ್ಚಿ ಎಂದು ಕರೆದವರು' ಎಂದು ಆರಿಸಿಕೊಂಡವರು ಅಕ್ಕಮಹಾದೇವಿಯ ವಚನಗಳ ಪಕ್ಕದಲ್ಲಿ ವೈದೇಹಿಯವರ 'ಅಕ್ಕು' ಕಥೆಯನ್ನು ಇಡಬಹುದು. ಆಯ್ಕೆಯೇ ಒಂದು ವಿಮರ್ಶೆ. ಅದಕ್ಕೆ ಅಂಕವಿಲ್ಲದಿದ್ದರೆ, ಪರೀಕ್ಷೆಯ ಹಿಂದಿನ ರಾತ್ರಿ ಫೋನಿನಲ್ಲಿ ಸಿಕ್ಕ ಮೂರು ಜನಪ್ರಿಯ ಸಂಭಾಷಣೆಗಳನ್ನು ಅದೇ ಧಾಟಿಯಲ್ಲಿ ಅನುಕರಿಸುವವರಿಗೂ ಗ್ರಂಥಾಲಯದಲ್ಲಿ ತಿಂಗಳು ಕುಳಿತವರಿಗೂ ನಾವು ವ್ಯತ್ಯಾಸ ಮಾಡಿದಂತಾಗುವುದಿಲ್ಲ.

ಕತ್ತರಿಸುವುದರಲ್ಲಿಯೂ ಒಂದು ನಿಷ್ಠೆ ಬೇಕು. ದೀರ್ಘವಾದ ಭಾಗದಿಂದ ಸಾಲುಗಳನ್ನು ಬಿಡಬಹುದು, ಆದರೆ ಕವಿಯ ಮಾತನ್ನು ಬದಲಿಸಬಾರದು. ಬಿಟ್ಟದ್ದರಿಂದ ಅರ್ಥ ತಲೆಕೆಳಗಾಗಬಾರದು. ಒಮ್ಮೆ ಒಬ್ಬ ವಿದ್ಯಾರ್ಥಿ ರಾಮಧಾನ್ಯ ಚರಿತೆಯಲ್ಲಿ ಭತ್ತ ಆಡುವ ಜರೆಮಾತನ್ನು ಮಾತ್ರ ಉಳಿಸಿ ರಾಗಿಯ ಉತ್ತರವನ್ನು ಸಮಯದ ಅಭಾವದಿಂದ ಬಿಟ್ಟಿದ್ದ. ಅವನಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಆದರೂ ಕನಕದಾಸರು ಬರೆದದ್ದಕ್ಕೆ ಅದು ನೇರ ವಿರುದ್ಧವಾಗಿತ್ತು, ಅಲ್ಲಿದ್ದ ನಾವು ಮೂವರು ಪರೀಕ್ಷಕರಲ್ಲಿ ಯಾರೂ ಅದನ್ನು ಅವನಿಗೆ ಹೇಳಲಿಲ್ಲ. ಅಭಿನಯ ಮುಗಿದ ಮೇಲೆ ಐದು ನಿಮಿಷದ ಮೌಖಿಕ ಇದ್ದಿದ್ದರೆ ಕೇಳಬಹುದಿತ್ತು: ಈ ಭಾಗವನ್ನು ಏಕೆ ಆರಿಸಿದಿರಿ, ಇಲ್ಲಿಂದ ಅಲ್ಲಿಗೆ ಏಕೆ ಹೋದಿರಿ, ಏನನ್ನು ಬಿಟ್ಟಿರಿ? ನಾನು ಆ ಹುಡುಗಿಯನ್ನು ಒಂದೇ ಪ್ರಶ್ನೆ ಕೇಳಿದ್ದರೂ, ಆ ಮೌನ ಏನು ಎಂದು ಕೇಳಿದ್ದರೂ, ಅವಳ ಅಂಕ ಬೇರೆಯಾಗಿರುತ್ತಿತ್ತು. ಅವಳದಲ್ಲದ ಬದುಕನ್ನು, ಅವಳು ಅನುಭವಿಸದ ಹಸಿವನ್ನು ಅವಳು ಹೇಗೆ ಆಡಿದಳು, ಅಥವಾ ಅದು ಅವಳದೇ ಬದುಕಾಗಿತ್ತೇ ಎಂಬುದೂ ನನಗೆ ತಿಳಿದಿಲ್ಲ.

ಕೈಯಲ್ಲಿ ಪುಸ್ತಕ ಹಿಡಿಯಬಹುದೇ ಎಂಬ ವಿಚಾರದಲ್ಲಿ ಜಗಳಗಳನ್ನೇ ನೋಡಿದ್ದೇನೆ. ಕಾವ್ಯವನ್ನು ರಾಗವಾಗಿ ವಾಚಿಸುವ ಗಮಕಿಗಳ ಮುಂದೆ ಪುಸ್ತಕ ತೆರೆದೇ ಇರುತ್ತದೆ. ಅದರಿಂದ ವಾಚನ ಕಡಿಮೆಯಾಗುವುದಿಲ್ಲ. ಅಮೆರಿಕದ ಶಾಲೆಗಳಲ್ಲಿ ಒಂದು ವಸ್ತುವಿನ ಸುತ್ತ ಹಲವು ಸಾಹಿತ್ಯಭಾಗಗಳನ್ನು ಪೋಣಿಸಿ ಹತ್ತು ನಿಮಿಷ ಅಭಿನಯಿಸುವ ಸ್ಪರ್ಧೆಯಿದ್ದು, ಅಲ್ಲಿ ಕೈಯಲ್ಲಿ ಬರಹದ ಪ್ರತಿ ಇರಲೇಬೇಕೆಂಬುದೇ ನಿಯಮ. ಕಂಠಪಾಠ ನಮ್ಮ ಪರಂಪರೆಯ ಬಲ, ನಾನು ಅದನ್ನು ಬಿಡಿ ಎನ್ನುವುದಿಲ್ಲ. ಒಂದು ಸಾಲು ಮರೆತದ್ದಕ್ಕೆ ಐದು ಅಂಕ ಕಳೆಯುವ ಪದ್ಧತಿಯನ್ನು ಮಾತ್ರ ಬಿಡಿ ಎನ್ನುತ್ತೇನೆ. ಮರೆತಾಗ ಪಾತ್ರದಿಂದ ಹೊರಬೀಳದೆ ದಾರಿ ಹುಡುಕಿಕೊಂಡವರಿಗೆ ಒಂದು ಅಂಕ ಹೆಚ್ಚೇ ಸಲ್ಲಬೇಕು.

ಐವತ್ತು ಅಂಕಗಳನ್ನು ನಾನು ಹಂಚುವುದಾದರೆ ಹೀಗೆ ಹಂಚುತ್ತೇನೆ. ಆಯ್ದ ಭಾಗಗಳ ಅರ್ಥವನ್ನು ಎಷ್ಟು ಆಳವಾಗಿ ಹಿಡಿದಿದ್ದಾರೆ ಎಂಬುದಕ್ಕೆ ಹದಿನೈದು, ವಸ್ತುವಿನ ಆಯ್ಕೆಗೂ ಭಾಗಗಳ ಜೋಡಣೆಗೂ ಸೇರಿ ಹದಿನೈದು, ವಾಚಿಕಕ್ಕೆ ಹತ್ತು, ದೇಹ, ನೋಟ, ಪಾತ್ರದಿಂದ ಪಾತ್ರಕ್ಕೆ ದಾಟುವ ಬಗೆಗೆ ಐದು, ಮೌಖಿಕಕ್ಕೆ ಐದು. ವೇಷ, ಪರಿಕರ, ಹಿನ್ನೆಲೆ ಸಂಗೀತಗಳಿಗೆ ಸೊನ್ನೆ. ಈ ಹಂಚಿಕೆಯನ್ನು ರಂಗದ ಮಿತ್ರರು ಒಪ್ಪಲಿಕ್ಕಿಲ್ಲ. ದೇಹಕ್ಕೆ ಕಡಿಮೆಯಾಯಿತು ಎನ್ನಬಹುದು. ಮೂರು ವರ್ಷ ನಟನೆಯನ್ನೇ ಕಲಿಯುವ ವಿಭಾಗಗಳಲ್ಲಿ ಅದು ನಿಜ, ಅಲ್ಲಿ ದೇಹಕ್ಕೆ ಹೆಚ್ಚು ಇರಲಿ. ಸಾಹಿತ್ಯದ ತರಗತಿಯಿಂದ ಬಂದು ಒಂದೇ ಸೆಮಿಸ್ಟರಿನಲ್ಲಿ ಈ ಪತ್ರಿಕೆಯನ್ನು ತೆಗೆದುಕೊಳ್ಳುವವರಿಗೆ ನಾವು ಕಲಿಸಿದ್ದು ಓದುವುದನ್ನು; ಕಲಿಸಿದ್ದನ್ನೇ ಅಳೆಯಬೇಕು.

ಪರೀಕ್ಷೆ ನಡೆಸುವ ಬಗೆಯಲ್ಲಿ ಎರಡು ಮಾತು ಉಳಿದಿವೆ. ಇಪ್ಪತ್ತನಾಲ್ಕು ಜನರ ಅಭಿನಯಕ್ಕೆ ಹತ್ತು ಹತ್ತು ನಿಮಿಷವೆಂದರೆ ಅಭಿನಯವೇ ನಾಲ್ಕು ಗಂಟೆ; ನಡುವಿನ ಸಿದ್ಧತೆ ಸೇರಿದರೆ ದಿನವೇ ಮುಗಿಯುತ್ತದೆ, ಊಟದ ನಂತರ ಬಂದವರಿಗೆ ನಮ್ಮ ಕಿವಿಯ ಅರ್ಧವೂ ಸಿಗುವುದಿಲ್ಲ. ದಿನಕ್ಕೆ ಹನ್ನೆರಡಕ್ಕಿಂತ ಹೆಚ್ಚು ಬೇಡ. ಜೊತೆಗೆ, ಇಬ್ಬರು ಪರೀಕ್ಷಕರು ಪರಸ್ಪರ ನೋಡದೆ ಅಂಕ ಬರೆದು, ಅಂತರ ಎಂಟನ್ನು ಮೀರಿದಾಗ ಕುಳಿತು ಮಾತಾಡಬೇಕು. ಆ ದಿನ ನನ್ನ ಪಕ್ಕದಲ್ಲಿದ್ದ ಕಿರಿಯ ಉಪನ್ಯಾಸಕಿ ಆ ಹುಡುಗಿಗೆ ಮೊದಲು ನಲವತ್ತು ಬರೆದಿದ್ದರು. ನನ್ನ ಹಾಳೆಯನ್ನು ನೋಡಿ, ನಾನು ಹಿರಿಯಳೆಂಬ ಗೌರವಕ್ಕೆ, ಅದನ್ನು ಅಳಿಸಿ ಮೂವತ್ತೆರಡು ಮಾಡಿದರು. ನಾನು ಅದನ್ನು ನೋಡಿಯೂ ಸುಮ್ಮನಿದ್ದೆ.

ಪರೀಕ್ಷೆ ಮುಗಿದ ಸಂಜೆ ಆ ಹುಡುಗಿ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ, "ಮೇಡಂ, ನಾನು ಎಲ್ಲಿ ತಿದ್ದಿಕೊಳ್ಳಬೇಕು?" ಎಂದು ಕೇಳಿದಳು. ನನ್ನ ಹಾಳೆಯಲ್ಲಿ ಅಂಕಿಗಳಲ್ಲದೆ ಬೇರೇನೂ ಇರಲಿಲ್ಲ. "ದನಿ ಸ್ವಲ್ಪ ಏರಿಸಬೇಕಮ್ಮ" ಎಂದೆ. ಅವಳು ತಲೆಯಾಡಿಸಿ ಹೋದಳು. ಅಂಕಪಟ್ಟಿಯ ಕೆಳಗೆ ವಿದ್ಯಾರ್ಥಿಗೆಂದೇ ನಾಲ್ಕು ಸಾಲು ಬರೆಯುವ ಜಾಗ ಇರಲಿ, ಅದನ್ನು ತುಂಬದೆ ಅಂಕ ದಾಖಲಾಗದಿರಲಿ, ಅದರ ಪ್ರತಿ ಅಂದೇ ವಿದ್ಯಾರ್ಥಿಯ ಕೈ ಸೇರಲಿ. ಮುಂದಿನ ಸೆಮಿಸ್ಟರಿನ ಪ್ರಾಯೋಗಿಕ ಪರೀಕ್ಷೆಗಳಿಗೆ ಮೊದಲೇ ಮಂಡಳಿಗಳು ಸಭೆ ಸೇರಿ ಇದನ್ನು ಚರ್ಚೆಗೆ ತೆಗೆದುಕೊಳ್ಳುವುದಾದರೆ, ಕರೆದ ದಿನ ಬಂದು ಕುಳಿತುಕೊಳ್ಳಲು, ಹೊಸ ಪರೀಕ್ಷಕರೊಂದಿಗೆ ಈ ಕೃತಿಗಳನ್ನು ಓದಲು ನಾನು ಸಿದ್ಧಳಿದ್ದೇನೆ. ಅದಕ್ಕೆ ಸಂಭಾವನೆ ಬೇಡ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಪ್ರಾಧ್ಯಾಪಕಿ
ಬೆಂಗಳೂರು